ಹದಿನೇಳನೆಯ ಕಂತು

ಜಯಲಕ್ಷ್ಮಿಪುರಂನ ನಮ್ಮ ಹಳೆಯ ಮನೆಯನ್ನು ಕೆಡವಲು ಕೊಡುವ ಮುಂಚೆ ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಲೆಯ ಮೇಲಿಟ್ಟು ಎಷ್ಟೋ ವರ್ಷವಾಗಿದ್ದ ಹಂಡೆ, ಕಾಲು ಮುರಿದ ಗೊಂಬೆ ಹಬ್ಬದ ಪಟ್ಟದ ಗೊಂಬೆ, ಯಾರದೋ ಮದುವೆಯ ಬಾಸಿಂಗ. ಅವುಗಳ ಕೆಳಗೆ, ಅತ್ತೆಯ ತಗಡಿನ ಟ್ರಂಕಿನಲ್ಲಿ ಆ ಪುಸ್ತಕ.

ಪುಸ್ತಕವೆಂದರೆ ಅಂಗಡಿಯಲ್ಲಿ ಕೊಂಡದ್ದಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಪ್ರತಿ ವಾರ ಕತ್ತರಿಸಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಲ್ಲಿ ತೂತು ಹಾಕಿ ಹುರಿದಾರದಲ್ಲಿ ಹೊಲಿದದ್ದು. ರಟ್ಟಿನ ಬದಲು ಹಳೆಯ ಕ್ಯಾಲೆಂಡರಿನ ಹಲಗೆ, ಅಂಟಿಗೆ ಮೈದಾ ಹಿಟ್ಟಿನ ಗಂಜಿ. ಆ ಗಂಜಿಯ ರುಚಿ ಹುಳಗಳಿಗೂ ಸಿಕ್ಕಿ ಬೆನ್ನು ಜಾಲರಿಯಾಗಿತ್ತು. ಹಾಳೆ ಮಗುಚಿದರೆ ಕಾದಂಬರಿಯ ಬೆನ್ನಿಗೆ ಅಂಟಿಕೊಂಡು ಬಂದ ಬೇರೊಂದು ಪ್ರಪಂಚ: ಅರ್ಧ ನಗೆಹನಿ, ಕುಂಭ ರಾಶಿಯವರಿಗೆ ಆ ವಾರ ಧನಲಾಭ, ಕರಿಬೇವು ಹಾಕುವ ಹೊತ್ತಿಗೆ ಕತ್ತರಿಗೆ ಸಿಕ್ಕಿ ನಿಂತುಹೋದ ಒಂದು ಗೊಜ್ಜು. ಪ್ರತಿ ಕಂತಿನ ಕೊನೆಯಲ್ಲೂ ಕಂಸದಲ್ಲಿ ಒಂದು ಪದ: ಸಶೇಷ.

ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ನೆನಪಾಗಲಾರದು. ಬರೆದವರ ಹೆಸರು ಆಗ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗುತ್ತಿತ್ತು; ಈಗ ಎಲ್ಲೂ ಕಾಣುವುದಿಲ್ಲ. ಅದರಲ್ಲಿದ್ದದ್ದು ಒಂದು ಕೂಡುಕುಟುಂಬ, ಮೂವರು ಸೊಸೆಯರು, ಅವರಲ್ಲಿ ನಡುವಿನವಳು ನಾಯಕಿ. ಅತ್ತೆಯ ಹೊಲಿಗೆಯಲ್ಲಿ ಹದಿನೇಳನೆಯ ಕಂತು ಇಲ್ಲ. ಮೂರು ಮನೆಗೆ ಒಂದು ಪತ್ರಿಕೆ ಬರುತ್ತಿದ್ದ ಕಾಲ ಅದು. ಆ ವಾರದ ಸಂಚಿಕೆ ಎದುರುಮನೆಗೆ ಹೋದದ್ದು ವಾಪಸ್ಸು ಬರಲಿಲ್ಲ. ಬಂದಿದೆ ಎಂದು ಅವರು, ಬಂದಿಲ್ಲ ಎಂದು ನಾವು. ಎರಡು ಮನೆಯ ನಡುವೆ ಅರಿಶಿನ ಕುಂಕುಮಕ್ಕೂ ಒಂದು ವರ್ಷ ತಣ್ಣನೆ ಗಾಳಿ ಬೀಸಿತು.

ಹದಿನಾರರ ಕೊನೆಯಲ್ಲಿ ನಾಯಕಿ ಗಂಡನ ಮನೆಯ ಪಡಸಾಲೆಯಲ್ಲಿ ದೀಪ ಹಚ್ಚುತ್ತಿದ್ದಾಳೆ. ಹದಿನೆಂಟು ಶುರುವಾಗುವಾಗ ತವರುಮನೆಯ ಜಗಲಿಯ ಮೇಲೆ, ಟ್ರಂಕಿನ ಪಕ್ಕ ಕೂತಿದ್ದಾಳೆ. ಏಕೆ ಬಂದಳು? ಮುಂದಿನ ಕಂತುಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಆ ಬಾಯಿ ಮುಚ್ಚಲೇ ಇಲ್ಲ.

"ಗಂಡ ಕೈ ಎತ್ತಿರ್ತಾನೆ, ಇನ್ನೇನು," ಎಂದಳು ಅತ್ತೆ. "ಅವಳಿಗೇ ಗರ್ವ ಕಣೇ. ಆ ಹುಡುಗ ಪಾಪ, ಏನೂ ಮಾಡಿಲ್ಲ," ಎಂದರು ಅಜ್ಜಿ. ಪಕ್ಕದ ಬೀದಿಯಿಂದ ಕಾಫಿ ಹೊತ್ತಿಗೆ ಬರುತ್ತಿದ್ದ ಮೇಷ್ಟ್ರು, ಕಾಲೇಜಿನಲ್ಲಿ ಕನ್ನಡ ಹೇಳಿ ನಿವೃತ್ತರಾದವರು, ಲೋಟ ಆರಿಸಿಕೊಳ್ಳುತ್ತಾ, "ಬರೆದವಳಿಗೇ ಗೊತ್ತಿಲ್ಲಮ್ಮ, ಅದಕ್ಕೇ ಹಾರಿಸಿದಾಳೆ. ಇದೆಲ್ಲ ಅಡುಗೆಮನೆ ಸಾಹಿತ್ಯ," ಎಂದು ಪಂಚಾಯಿತಿ ಬರಖಾಸ್ತು ಮಾಡಿದರು. ಹಾಗೆ ತೀರ್ಪು ಕೊಟ್ಟವರೂ ಮರುವಾರ ಅದೇ ಹೊತ್ತಿಗೆ ಬಂದು "ಏನಾಯ್ತು ಅವಳದ್ದು?" ಎಂದು ವಿಚಾರಿಸುವುದು ಬಿಡಲಿಲ್ಲ.

ಆ 'ಅಡುಗೆಮನೆ ಸಾಹಿತ್ಯ' ಎಂಬ ಮಾತು ಮೇಷ್ಟ್ರ ಸ್ವಂತದ್ದಲ್ಲ. ಹೆಂಗಸರು ಬರೆದು ಹೆಂಗಸರು ಓದಿದ್ದನ್ನೆಲ್ಲ ಕನ್ನಡದಲ್ಲಿ ಬಹಳ ದಿನ ಆ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದುಂಟು. ಇದೇ ಮೈಸೂರಿನ ಚಾಮುಂಡಿಪುರದಲ್ಲಿದ್ದ ತ್ರಿವೇಣಿಯವರನ್ನೂ ಆ ಡಬ್ಬಿಯಿಂದ ತೆಗೆಯಲು ಹೊತ್ತು ಹಿಡಿಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು, ಬಿ.ಎಂ.ಶ್ರೀಯವರ ತಮ್ಮನ ಮಗಳು. 1928ರಲ್ಲಿ ಹುಟ್ಟಿ 1963ರ ಜುಲೈಯಲ್ಲಿ, ಬಾಣಂತಿಯಾಗಿದ್ದಾಗಲೇ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಬರೆಯಲು ಸಿಕ್ಕಿದ್ದು ಹೆಚ್ಚುಕಡಿಮೆ ಹತ್ತು ವರ್ಷ, ಅಷ್ಟರಲ್ಲಿ 20 ಕಾದಂಬರಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ'ವನ್ನು ತೆರೆಗೆ ತಂದಾಗ, 1971ರಲ್ಲಿ 'ಶರಪಂಜರ'ದ ಕಾವೇರಿಯಾಗಿ ಕಲ್ಪನಾ ಊರೂರಿನ ಹೆಂಗಸರನ್ನು ಅಳಿಸಿದಾಗ, ನೋಡಲು ಅವರಿರಲಿಲ್ಲ. 'ಅವಳ ಮಗಳು' ಅರ್ಧಕ್ಕೇ ನಿಂತಿತ್ತು, ಎಂ.ಸಿ. ಪದ್ಮಾ ಅದನ್ನು ಮುಗಿಸಿಕೊಟ್ಟರು. ಸಶೇಷ ಎಂದು ಬರೆಯುವವರಿಗೆ ಆ ಶೇಷ ತಮ್ಮ ಕೈಗೇ ಬರುತ್ತದೆಂಬ ಖಾತ್ರಿ ಏನಿದೆ?

ಓದುವವರಿಗೂ ಇಲ್ಲ. ಆದರೆ ಇದೆ ಎಂದುಕೊಂಡೇ ಧಾರಾವಾಹಿ ಓದುವುದು. ಮುಂದಿನ ವಾರ ಪತ್ರಿಕೆ ಬರುತ್ತದೆ, ಅದನ್ನು ಬಿಡಿಸಲು ನಾನೂ ಇರುತ್ತೇನೆ ಎಂಬ ಭರವಸೆಯಿಲ್ಲದೆ ಯಾರು ಕತ್ತರಿ ಹಿಡಿಯುತ್ತಾರೆ? ಅಜ್ಜಿ ಹೋದಾಗ ಇನ್ನೊಂದು ಕಥೆ ಅರ್ಧದಲ್ಲಿತ್ತು. ವೈಕುಂಠ ಸಮಾರಾಧನೆಯ ಗದ್ದಲದಲ್ಲೂ ಅತ್ತೆ ಆ ವಾರದ ಹಾಳೆ ಕತ್ತರಿಸಿ ದಿಂಬಿನ ಕೆಳಗಿಟ್ಟದ್ದು ನನಗೆ ನೆನಪಿದೆ. ಆಗ ಅದು ಕಲ್ಲು ಮನಸ್ಸು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

'ಬೆಳ್ಳಿಮೋಡ'ದ ವಿಷಯಕ್ಕೆ ನಮ್ಮ ಬೀದಿ ಎರಡು ಹೋಳಾಗಿತ್ತು. ಮಾವನಾಗುವವರ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುವ ಮೋಹನ, ಆ ಮನೆಯಲ್ಲಿ ಗಂಡು ಮಗು ಹುಟ್ಟಿ ಇಂದಿರೆಗೆ ಆಸ್ತಿ ಬಾರದೆಂದು ತಿಳಿದಾಗ ಮಾತು ಮುರಿಯುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಅವಳ ಮನೆಯಲ್ಲೇ ಬಿದ್ದಾಗ ಇಂದಿರೆ ಉಪಚಾರ ಮಾಡುತ್ತಾಳೆ. ಅವನು ಮನಸ್ಸು ತಿರುಗಿಸಿ ಕೇಳಿದರೆ ಒಪ್ಪುವುದಿಲ್ಲ. "ಮುರಿದ ಕಾಲಿನವನ ಮೇಲೆ ಹಟವೇ? ಹೆಣ್ಣಿಗೆ ಇಷ್ಟು ಸಲ್ಲದು," ಎಂದು ಎದುರುಮನೆಯಾಕೆ. "ಸೇವೆ ಬೇರೆ, ಮದುವೆ ಬೇರೆ," ಎಂದು ಅತ್ತೆ. ಸಾರಿನ ಒಗ್ಗರಣೆಗೆ ಸಾಸಿವೆ ಸಿಡಿಸಿದ ಹಾಗೆ ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ.

ಅತ್ತೆ ನಮ್ಮ ಮನೆಗೆ ಯಾವ ವರ್ಷ ಬಂದಳೋ ನನಗೆ ತಿಳಿಯದು. ನಾನು ಹುಟ್ಟುವಾಗಲೇ ಇದ್ದಳು, ಆ ಟ್ರಂಕೂ ಇತ್ತು. ಏಕೆ ಬಂದಳೆಂದು ನಾವು ಯಾರೂ ಕೇಳಲಿಲ್ಲ, ಮನೆಯಲ್ಲಿ ಯಾರೂ ಹೇಳಲಿಲ್ಲ. ಕಾದಂಬರಿಯ ನಾಯಕಿಯ ಬಗ್ಗೆ ತಾಯಿ ಮಗಳು ಅಷ್ಟು ಬಿಸಿಯಾಗಿ ವಾದ ಹೂಡುತ್ತಿದ್ದದ್ದು, ಅಜ್ಜಿಯ ಬಾಯಲ್ಲಿ 'ಗರ್ವ' ಎಂಬ ಮಾತು ಬಂದಾಗ ಅತ್ತೆ ಎದ್ದು ಹಿತ್ತಲಿಗೆ ಹೋಗುತ್ತಿದ್ದದ್ದು, ಇವೆಲ್ಲ ನನಗೆ ತಿಳಿದದ್ದು ಇಬ್ಬರೂ ಇಲ್ಲವಾದ ಮೇಲೆ. ಅಲ್ಲಿಯವರೆಗೆ ಅವರು ಪುಸ್ತಕದ ಬಗ್ಗೆ ಮಾತಾಡುತ್ತಿದ್ದಾರೆಂದೇ ನಂಬಿದ್ದೆ.

1965ರಲ್ಲಿ ಬಂದ ಭೈರಪ್ಪನವರ 'ವಂಶವೃಕ್ಷ' ನಮ್ಮ ಮನೆಗೆ ತಡವಾಗಿ, ಬಾಡಿಗೆ ಲೈಬ್ರರಿಯಿಂದ ಬಂತು. ಈ ಬಾರಿ ಮೇಷ್ಟ್ರೇ ಶಿಫಾರಸು ಮಾಡಿದ್ದರು, "ಇದು ನೋಡಮ್ಮ ಕಾದಂಬರಿ ಅಂದ್ರೆ," ಎಂದು. ನಂಜನಗೂಡಿನ ಶ್ರೋತ್ರಿಯರ ಮನೆಯ ವಿಧವೆ ಸೊಸೆ ಕಾತ್ಯಾಯನಿ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಬರುತ್ತಾಳೆ, ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ, ಮಗನನ್ನು ಬಿಟ್ಟು ಬರಬೇಕಾಗುತ್ತದೆ, ಬಸಿರು ನಿಲ್ಲದೆ ನವೆದು ಸಾಯುತ್ತಾಳೆ. "ಮಾಡಿದ್ದುಣ್ಣೋ ಮಹರಾಯ," ಎಂದರು ಅಜ್ಜಿ. ಅತ್ತೆ ಪುಸ್ತಕ ಮಗುಚಿಟ್ಟು ಎರಡು ದಿನ ಮುಟ್ಟಲಿಲ್ಲ. ದಿನಕ್ಕಿಷ್ಟು ಬಾಡಿಗೆ ಏರುತ್ತದೆಂದು ಅಪ್ಪ ಗೊಣಗಿದ ಮೇಲೆ ಮುಗಿಸಿದಳು. ಆ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ 'ಅನ್ಯಾಯ' ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಕೈಬರಹ: 'ನ್ಯಾಯವೇ.' ಅದರ ಕೆಳಗೆ ನೀಲಿ ಇಂಕಿನಲ್ಲಿ ಮೂರನೆಯವರು: 'ಪುಸ್ತಕದ ಮೇಲೆ ಬರೆಯಬೇಡಿ.'

ಕಾದಂಬರಿ ಕಾತ್ಯಾಯನಿಯನ್ನು ಶಿಕ್ಷಿಸಿತೋ, ಅವಳ ನೋವನ್ನು ಕಂಡಿತೋ ಎಂಬ ಜಗಳ ಆ ಅಂಚಿನಿಂದ ಹಿಡಿದು ವಿಮರ್ಶೆಯ ಗೋಷ್ಠಿಗಳವರೆಗೂ ನಡೆದಿದೆ. ನನಗಂತೂ ಆ ಪುಸ್ತಕದ ಎದೆ ಬೇರೆಡೆ ಬಡಿಯುತ್ತದೆ. ವಂಶದ ಶುದ್ಧಿಯನ್ನೇ ನೆಚ್ಚಿ ಬದುಕಿದ ಶ್ರೀನಿವಾಸ ಶ್ರೋತ್ರಿಗೆ ಮುಪ್ಪಿನಲ್ಲಿ, ತಾನು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುತ್ತದಲ್ಲ, ಅಲ್ಲಿ. ಯಾವ ಮರಕ್ಕಾಗಿ ಮೊಮ್ಮಗನನ್ನು ತಾಯಿಯಿಂದ ಬೇರೆಯಿಟ್ಟರೋ ಆ ಮರಕ್ಕೆ ಬೇರೇ ಇರಲಿಲ್ಲ. ಎಲ್ಲವನ್ನೂ ಬಿಟ್ಟು ಎದ್ದು ಹೋಗುವುದೊಂದೇ ಆ ಮುದುಕನಿಗೆ ಉಳಿದದ್ದು. ಇಪ್ಪತ್ತರಲ್ಲಿ ಓದಿದಾಗ ನನ್ನ ಕಣ್ಣಿಗೆ ಶ್ರೋತ್ರಿ ಬಿದ್ದಿರಲೇ ಇಲ್ಲ. ಆಗ ಪ್ರತಿ ಪುಟದಲ್ಲೂ ರೈಲು ಮತ್ತು ರಾಜನೇ. ಈಗ ಮತ್ತೆ ಓದಿದರೆ ರಾಜ ಯಾರೆಂದು ಹಿಂದಿನ ಪುಟಕ್ಕೆ ಹೋಗಬೇಕಾಗುತ್ತದೆ. ಪುಸ್ತಕದ ಅಕ್ಷರ ಒಂದೂ ಅಲುಗಿಲ್ಲ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ವಾರ ಅವರ ಪರ, ವಿರೋಧ ಎರಡೂ ಕಡೆಯ ಮಾತು ಕೇಳಿದೆ. ಎರಡೂ ಕಡೆಯವರಿಗೆ ಗಂಟಲು ಸ್ವಲ್ಪ ಕಟ್ಟಿತ್ತು.

ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೊ ನಮಗೆ ನಡೆದು ಹೋಗುವ ದೂರ. ಸಂಸಾರದ ಚಿತ್ರಗಳ ದೊಡ್ಡ ಹಜಾರ, ತಿರುವಿನ ಮೆಟ್ಟಿಲು, ತುಳಸಿಕಟ್ಟೆ ಎಲ್ಲ ಅಲ್ಲಿ ಪ್ಲೈವುಡ್ಡಿನಲ್ಲಿ ಎದ್ದು, ಚಿತ್ರೀಕರಣ ಮುಗಿಯುತ್ತಲೇ ಬಿಚ್ಚಿಕೊಳ್ಳುತ್ತಿದ್ದವು. ಚಿತ್ರಮಂದಿರದಲ್ಲಿ ಆ ಮನೆ ಒಡೆಯಿತೆಂದು ನಾವು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಅದರ ಹಲಗೆಗಳು ಇನ್ನೊಂದು ಮನೆಯ ಬಾಗಿಲಾಗಿರುತ್ತಿದ್ದವು. 1989ರ ಫೆಬ್ರುವರಿ 8ರ ರಾತ್ರಿ, ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಅಂದಿನ ಹೊಗೆಯ ವಾಸನೆ ಬಲ್ಲವರ ಮುಂದೆ ಅನಿತ್ಯ ಎಂಬ ಮಾತನ್ನು ಹಗುರವಾಗಿ ಆಡಬಾರದು. ನಾನೂ ಇಲ್ಲಿಗೇ ನಿಲ್ಲಿಸುತ್ತೇನೆ.

ಅಟ್ಟದ ಕಾಗದವನ್ನೆಲ್ಲ ಹಳೇ ಪೇಪರಿನವನಿಗೆ ಕೊಟ್ಟೆವು. ಅದೇ ವಾರ ಮೇಷ್ಟ್ರ ಮನೆಯಿಂದಲೂ ಅವನ ಗಾಡಿಗೆ ಮೂರು ಗೋಣಿಚೀಲ ಏರಿತ್ತು. ಅವರ ಮಕ್ಕಳು ಹೊರದೇಶದಲ್ಲಿ; ಫೋನಿನಲ್ಲೇ ಹೇಳಿ ಮುಗಿಸಿದ್ದರು. ಮೇಷ್ಟ್ರು ಅಂಚಿನಲ್ಲಿ ಟಿಪ್ಪಣಿ ಬರೆದಿದ್ದ ವಿಮರ್ಶೆಯ ಸಂಪುಟಗಳು ಕೆಳಗೆ, ಅತ್ತೆಯ ಸಾಮಾಜಿಕ ಕಾದಂಬರಿಗಳು ಮೇಲೆ. ತಕ್ಕಡಿಯವನು ಬೆರಳು ನೆಕ್ಕಿ ನೋಟು ಎಣಿಸುತ್ತಾ, "ಎಲ್ಲಾ ಒಂದೇ ರೇಟು ಸಾರ್, ರಟ್ಟಿಂದು ಮಾತ್ರ ಒಂದ್ರೂಪಾಯಿ ಕಮ್ಮಿ," ಎಂದ. ರಟ್ಟಿನವು ಮೇಷ್ಟ್ರವು.

ಹೊಲಿದ ಪುಸ್ತಕವೊಂದನ್ನು ಮಾತ್ರ ಇಟ್ಟುಕೊಂಡೆ, ಅದರ ಜೊತೆಗೆ ಟ್ರಂಕಿನಲ್ಲಿ ಸಿಕ್ಕ ಅತ್ತೆಯ ಕನ್ನಡಕವನ್ನೂ. ಒಂದು ಕಡ್ಡಿಗೆ ಹುರಿದಾರ ಸುತ್ತಿದೆ, ಅದೇ ಹೊಲಿಗೆಯ ದಾರ. ಮಾನಸಗಂಗೋತ್ರಿಯಲ್ಲಿ ನಮ್ಮ ಬಡಾವಣೆಯದೇ ಹೆಸರಿನ ಜಯಲಕ್ಷ್ಮೀ ವಿಲಾಸ ಅರಮನೆಯಿದೆ. ರಾಜಕುಮಾರಿ ಜಯಲಕ್ಷಮ್ಮಣ್ಣಿಗೆಂದು 1905ರಲ್ಲಿ ಕಟ್ಟಿದ್ದು, ಈಗ ಜಾನಪದ ವಸ್ತುಸಂಗ್ರಹಾಲಯ. ಅಲ್ಲೊಂದು ಕಡೆ ಕುವೆಂಪು ಮೊದಲಾದ ಸಾಹಿತಿಗಳು ಬಳಸಿದ ವಸ್ತುಗಳನ್ನು ಜೋಪಾನವಾಗಿಟ್ಟಿದ್ದಾರೆ. ಸರಿಯಾದ ಕೆಲಸವೇ. ಅವರು ಬರೆದದ್ದನ್ನು ಮಬ್ಬು ಬೆಳಕಿನಲ್ಲಿ ಓದಿ, ಜಗಳವಾಡಿ, ಅತ್ತು, ಬೈದವರ ಕನ್ನಡಕಗಳು ಎಲ್ಲಿಗೆ ಹೋದವೋ.

ಎಂಬತ್ತು ದಾಟಿದ ಮೇಲೆ ಅತ್ತೆಗೆ ಕಣ್ಣು ಮಂಜಾಗಿ ನಾನೇ ಕೆಲವು ದಿನ ಓದಿ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಸುಮ್ಮನೆ ಕೆಣಕಿದೆ: "ಅತ್ತೆ, ಆ ಹದಿನೇಳನೇ ಕಂತಿನಲ್ಲಿ ಗಂಡ ಹೊಡೆದಿದ್ನಾ?" ಬಹಳ ಹೊತ್ತು ಸುಮ್ಮನಿದ್ದಳು, ನಿದ್ದೆ ಹೋದಳೇನೋ ಅಂದುಕೊಂಡೆ. "ಹೊಡೀಲಿಲ್ಲ ಅನ್ಸತ್ತೆ ಕಣೋ," ಎಂದಳು. "ಅವಳು ಹಾಗೇ ಎದ್ದು ಬಂದಿರ್ತಾಳೆ. ಎಲ್ಲಾದಕ್ಕೂ ಕಾರಣ ಇರ್ಬೇಕಾ?" ಮೂವತ್ತು ವರ್ಷ ಪಟ್ಟು ಹಿಡಿದಿದ್ದ ಮಾತು. ವಿಭೂತಿ ಗಟ್ಟಿಯನ್ನು ಒದ್ದೆ ಕೈಯಲ್ಲಿ ಹಿಡಿದ ಹಾಗೆ ಸದ್ದಿಲ್ಲದೆ ಕರಗಿಹೋಯಿತು. ಅಜ್ಜಿ ಇದ್ದಿದ್ದರೆ ಗೆದ್ದೆ ಎನ್ನುತ್ತಿದ್ದರೋ, ಇಲ್ಲ, ಅವರೂ ಅಷ್ಟರಲ್ಲಿ ಅತ್ತೆಯ ಹಳೆಯ ಪಕ್ಷಕ್ಕೆ ಸೇರಿಕೊಂಡಿರುತ್ತಿದ್ದರೋ.

ಮನೆ ಕೆಡವಿದ ಮೇಲೆ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬೈಂಡು ಮಾಡಿಟ್ಟಿದ್ದ ಒಂದು ಗ್ರಂಥಾಲಯಕ್ಕೆ ಹೋದೆ. ದೂಳು ಒರೆಸಿ ಸಂಪುಟ ತೆಗೆಸಿಕೊಳ್ಳಲು ಅರ್ಧ ದಿನ ಬೇಕಾಯಿತು. ಹದಿನೇಳನೆಯ ಕಂತು ಅಲ್ಲಿತ್ತು, ಚಿತ್ರದ ಸಮೇತ, ನಾಲ್ಕು ಪುಟ. ತಾರಸಿಯ ಮೇಲೆ ಮೂವರು ಸೊಸೆಯರು ಹಪ್ಪಳ ಒಣಗಿಸುತ್ತಿದ್ದಾರೆ. ಮಾತು, ನಗು, ಓರಗಿತ್ತಿಯರ ಕೊಂಕು. ಇದ್ದಕ್ಕಿದ್ದಂತೆ ಮಳೆ. ಹಿರಿಯವಳೂ ಕಿರಿಯವಳೂ ಸೆರಗು ಸಿಕ್ಕಿಸಿಕೊಂಡು ಹಪ್ಪಳ ಬಾಚಲು ಓಡುತ್ತಾರೆ. ನಡುವಿನವಳು ಮಾತ್ರ ನಿಂತಲ್ಲೇ ನಿಂತು, ಬಿಳಿ ಪಂಚೆಯ ಮೇಲೆ ಹಪ್ಪಳ ಮೆತ್ತಗಾಗುವುದನ್ನು ನೋಡುತ್ತಾಳೆ. ಕೆಳಗಿನಿಂದ ಅವಳ ಅತ್ತೆ ಕೂಗುತ್ತಾರೆ. ಸಶೇಷ. ಗಂಡ ಆ ಕಂತಿನಲ್ಲಿ ಬರುವುದೇ ಇಲ್ಲ, ಕಚೇರಿಗೆ ಹೋಗಿದ್ದಾನೆ.

ಸಂಜೆ ಶಿವಮೊಗ್ಗಕ್ಕೆ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ನನ್ನ ಮಾತು ಮುಗಿಯಲು ಬಿಡಲಿಲ್ಲ.

"ಸುಳ್ಳು. ನೀನು ಬೇರೆ ವಾರದ್ದು ನೋಡಿದೀಯ. ಊಟದ ತಟ್ಟೆ ಎಸೆದು ಕೆನ್ನೆಗೆ ಹೊಡೆದ ಅಂತ ನಾನೇ ಓದಿದೀನಿ, ಕಣ್ಣಿಗೆ ಕಟ್ಟಿದ ಹಾಗಿದೆ."

"ಆ ಸಂಚಿಕೆ ನಮ್ಮ ಮನೇಲಿ ಇರಲೇ ಇಲ್ವಲ್ಲಕ್ಕ?"

"ಇರದೆ ಏನು? ಬಲಗಡೆ ಪುಟ, ಕೆಳಗಡೆ. ಪಕ್ಕದಲ್ಲಿ ಸೀಗೆಪುಡಿ ಜಾಹೀರಾತು ಇತ್ತು. ಹೋಗಿ ಸರಿಯಾಗಿ ನೋಡು."