ಏಕಾಕಿ ಯಾನಿಯ ಹೊಣೆ

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ವೈದ್ಯರಾಗಿರುವ ಶಿಷ್ಯರೊಬ್ಬರು ಪತ್ರ ಬರೆದಿದ್ದಾರೆ. ಅವರಲ್ಲಿ ಚಿಕ್ಕದೊಂದು ಹಾಯಿದೋಣಿಯಿದೆ. ಚಳಿಗಾಲಕ್ಕೆ ಮುನ್ನ ಅಲ್ಲಿ ಅಂಥ ದೋಣಿಗಳನ್ನು ಬಹುಮಟ್ಟಿಗೆ ನೀರಿನಿಂದೆತ್ತಿ ದಡದಲ್ಲಿರಿಸುತ್ತಾರೆ. ಅದಕ್ಕೆ ಮೊದಲು, ನವೆಂಬರ್ ಆರಂಭದಲ್ಲಿ, ಇನ್ನೊಮ್ಮೆ ಒಬ್ಬರೇ ಹೊರಟರಂತೆ. ಹ್ಯಾಂಬಲ್ ನದಿಯಿಂದ ಸೋಲೆಂಟ್ ಜಲಸಂಧಿಗೆ ಇಳಿದು, ಪಶ್ಚಿಮಕ್ಕೆ ಸಾಗಿ, ವೈಟ್ ದ್ವೀಪದ ಯಾರ್ಮತ್ ಬಂದರನ್ನು ಮುಟ್ಟಿ ಮರುದಿನ ಮರಳುವ ಸಂಕಲ್ಪ. ಅರ್ಧದಾರಿಯಲ್ಲಿ ಪಡುವಣ ಗಾಳಿ ಬಲಿಯಿತು. ಇಳಿತದ ನೀರು ಪಶ್ಚಿಮಕ್ಕೆ ಹರಿಯುವಾಗ ಗಾಳಿ ಎದುರಾದರೆ ಅಲ್ಲಿ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಆ ದಿನಗಳಲ್ಲಿ ಸಂಜೆ 5ಕ್ಕೆ ಮೊದಲೇ ಸೂರ್ಯಾಸ್ತ. ಅವರು ದೋಣಿಯನ್ನು ಹಿಂದಕ್ಕೆ ತಿರುಗಿಸಿದರು.

ನೋಡಿದವರಿಲ್ಲ, ಹಂಗಿಸಿದವರಿಲ್ಲ, ಆದರೂ ನಾಚಿಕೆ ಅವರನ್ನು ಬಿಟ್ಟಿಲ್ಲ. ಪ್ರಾಣವೂ ತನ್ನದು, ಅಪಾಯವೂ ತನ್ನದು ಎಂದಿರುವಾಗ ಹಿಂದಿರುಗಿದ್ದು ವಿವೇಕವೋ ಹೇಡಿತನವೋ ಎಂಬುದು ಅವರ ಪ್ರಶ್ನೆ.

ಪ್ರಶ್ನೆಗಿಂತ ಅದರೊಳಗೆ ಸೇರಿಕೊಂಡಿರುವ ಮಾತು ನಮಗೆ ಹೆಚ್ಚು ವಿಚಾರಣೀಯವಾಗಿ ಕಂಡಿತು. ಅಪಾಯ ತನ್ನದೊಂದೇ ಎಂಬುದು ನಿಜವೇ? ಜೊತೆಗಾರನಿದ್ದರೆ, ನೀರಿಗೆ ಬಿದ್ದವನಿಗಾಗಿ ದೋಣಿ ತಿರುಗಿ ಬಂದೀತು. ಏಕಾಕಿಯಾಗಿದ್ದವನು ಬಿದ್ದರೆ ಅವನ ದೋಣಿಯೇ ಅವನನ್ನು ಬಿಟ್ಟು ಸಾಗಿಬಿಡಬಹುದು. ಆಗ ಹುಡುಕಲು ಹೊರಡುವವರು ಯಾರು? ಆ ದೇಶದಲ್ಲಿ ರಕ್ಷಣಾ ದೋಣಿಗಳನ್ನು ನಡೆಸುವ ಸಂಸ್ಥೆ 1824ರಲ್ಲಿ ಸ್ಥಾಪಿತವಾದದ್ದು. ಜನರ ದಾನದಿಂದ ನಡೆಯುವಂಥದು. ದೋಣಿಯೇರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಕರೆ ಬಂದೊಡನೆ ತಮ್ಮ ಕಸುಬನ್ನು ಬಿಟ್ಟು ಓಡಿಬರುವ ಊರಿನವರು.

1981ರ ಡಿಸೆಂಬರ್ 19ರ ರಾತ್ರಿ ಕಾರ್ನ್‌ವಾಲ್ ತೀರದಲ್ಲಿ ಯೂನಿಯನ್ ಸ್ಟಾರ್ ಎಂಬ ಸರಕು ಹಡಗಿನ ಎಂಜಿನ್ ಕೆಟ್ಟಿತು. ಪ್ರಚಂಡ ಬಿರುಗಾಳಿಯಲ್ಲಿ ಮೌಜಲ್ ಎಂಬ ಸಣ್ಣ ಊರಿನ 8 ಜನ ಸಾಲೊಮನ್ ಬ್ರೌನ್ ಎಂಬ ರಕ್ಷಣಾ ದೋಣಿಯಲ್ಲಿ ಹೊರಟರು. ನಾಲ್ವರನ್ನು ದೋಣಿಗೆ ಸೇರಿಸಿಕೊಂಡೆವೆಂದು ರೇಡಿಯೋದಲ್ಲಿ ತಿಳಿಸಿದರು. ಆ ಬಳಿಕ ದನಿ ಕೇಳಲಿಲ್ಲ. ಹಡಗಿನ 8 ಜನ, ದೋಣಿಯ 8 ಜನ, ಒಬ್ಬರೂ ಉಳಿಯಲಿಲ್ಲ. ಒಂದು ದಿನ ಕಳೆಯುವುದರೊಳಗೆ ಅದೇ ಊರಿನಲ್ಲಿ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಮುಂದೆ ಬಂದಿದ್ದರು. ಕೆಟ್ಟದ್ದು ಯಂತ್ರವೋ, ತಪ್ಪಿದ್ದು ಮನುಷ್ಯನೋ ಎಂದು ವಿಚಾರಿಸಿಕೊಂಡು ಹೊರಡುವ ಜನ ಅವರಲ್ಲ. ಏಕಾಂತವನ್ನು ಅರಸಿ ಹೋದವನು ಅವರನ್ನು ಮನಸ್ಸಿನಲ್ಲಿ ಎಣಿಸಿರಲಾರ. ಅವರಾದರೋ ಅವನನ್ನು ಎಣಿಸಿಯೇ ಮಲಗುತ್ತಾರೆ.

ಇಷ್ಟನ್ನೇ ಹಿಡಿದು ಸಾಹಸವೇ ಕೂಡದೆನ್ನುವವರಿದ್ದಾರೆ. ಆ ಪಕ್ಷ ನಮಗೆ ಸಮ್ಮತವಲ್ಲ. ಒಬ್ಬಂಟಿಯಾಗಿ ನೀರಿನ ಮೇಲೆ ಕಳೆದ ಅರ್ಧ ದಿನ ಮನುಷ್ಯನಿಗೆ ತನ್ನನ್ನು ಪರಿಚಯಿಸಬಲ್ಲುದು. ಹೆದರಿಕೊಂಡು ದಡದಲ್ಲಿಯೇ ಕುಳಿತವರೆಲ್ಲ ಪರೋಪಕಾರಿಗಳೂ ಅಲ್ಲ. ವೈದ್ಯರು ಅಂದು ತಿರುಗಿದ್ದು ರಕ್ಷಕರ ಮೇಲಣ ಕನಿಕರದಿಂದಲ್ಲ, ಭಯದಿಂದಲೇ ಇದ್ದೀತು. ಇರಲಿ. ಭಯವು ತಂದ ಸುದ್ದಿ ಸತ್ಯವಾಗಿದ್ದರೆ, ತಂದದ್ದು ಭಯವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಾಗಿಲ್ಲ.

ಪತ್ರದ ಕೊನೆಯಲ್ಲಿ ಅವರು ಇನ್ನೊಂದು ಸಂಗತಿಯನ್ನು ಒಂದೇ ವಾಕ್ಯದಲ್ಲಿ ಬರೆದು ಮುಗಿಸಿದ್ದಾರೆ. ಕತ್ತಲಾಗುವಾಗ ದೋಣಿ ಕಟ್ಟಿ ಮನೆಗೆ ದೂರವಾಣಿ ಮಾಡಿದರಂತೆ; ಗಂಟೆ ಒಮ್ಮೆ ಪೂರ್ತಿ ಬಾರಿಸುವ ಮುನ್ನವೇ ಅವರ ಮನೆಯಾಕೆ ಎತ್ತಿಕೊಂಡರಂತೆ.