ಗುಂಡಿನ ಮೇಲಿನ ಕಲಾಯಿ

ನಮ್ಮ ಮೆಟ್ರಿಯ ಕಡೆ ಕಲಾಯಿಯವನು ಬರುವುದು ನಿಂತು ಬಹಳ ವರ್ಷಗಳಾದವು. ಸ್ಟೀಲು ಪಾತ್ರೆ ಬಂದ ಮೇಲೆ ಅವನಿಗೇನು ಕೆಲಸ? ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಕಿಲುಬು ಬಿಡುತ್ತದೆ. ಅದು ಉಣ್ಣುವವರ ಹೊಟ್ಟೆಗೆ ಹೋಗಬಾರದೆಂದು ಒಳಗೆ ತವರದ ತೆಳ್ಳನೆಯ ಲೇಪ. ಅದನ್ನು ಹಾಕಿಸುತ್ತಿದ್ದುದು ಪಾತ್ರೆಯ ಅಂದಕ್ಕಲ್ಲ, ಉಣ್ಣುವವರಿಗಾಗಿ.

ಬಂದೂಕಿನ ಗುಂಡಿಗೂ ಇಂಥದೊಂದು ಕಲಾಯಿ ಉಂಟು. ಅಮೆರಿಕದಂಥ ದೇಶಗಳಲ್ಲಿ ಗುರಿಕಾರಿಕೆಯ ಹವ್ಯಾಸದವರು ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ಳುತ್ತಾರೆ. ನಮ್ಮಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಸೀಸ ಮೆದು ಲೋಹ, 327 ಡಿಗ್ರಿ ಸೆಲ್ಸಿಯಸ್ಸಿಗೇ ಕರಗಿಬಿಡುತ್ತದೆ. ರೈಫಲಿನ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ. ಬರಿಯ ಸೀಸದ ಗುಂಡು ವೇಗವಾಗಿ ಹಾಯುವಾಗ ಆ ಗೀರುಗಳಿಗೆ ಸೀಸ ಮೆತ್ತಿಕೊಂಡು ಗುರಿ ಕೆಡುತ್ತದೆ. ಅದಕ್ಕೇ ಹಿಂದೆ ಮೇಣವನ್ನೋ ಕೊಬ್ಬನ್ನೋ ಸವರುತ್ತಿದ್ದರು. ಈಗ ಬಣ್ಣದ ಪುಡಿ ಹಚ್ಚಿ, ಒಲೆಯಲ್ಲಿ ಕಾಯಿಸಿ, ಗಟ್ಟಿಯಾದ ಪೊರೆ ಬರಿಸುತ್ತಾರೆ. ಕೆಂಪು, ಹಸಿರು, ನೀಲಿ ಗುಂಡುಗಳು, ಮಕ್ಕಳ ಪೆಪ್ಪರಮೆಂಟಿನ ಹಾಗೆ! ಹೊಗೆ ಕಡಿಮೆ, ಕೈಗೆ ಸೀಸ ಹತ್ತುವುದೂ ಕಡಿಮೆ.

ಒಳ್ಳೆಯದೇ. ಸೀಸ ವಿಷ, ಅದು ಯಾರ ಮೈಗೂ ಸೇರಬಾರದು. ಆದರೆ ಈ ಲೇಪ ಕಾಯುವುದು ನಳಿಗೆಯನ್ನು ಮತ್ತು ಹೊಡೆಯುವವನನ್ನು. ಗುಂಡು ಹೋಗಿ ತಲುಪುವ ಕಡೆಯ ಮಾತು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಹಲಗಲಿ ಬೇಡರ ಲಾವಣಿಯನ್ನು ಪಾಠ ಮಾಡುವಾಗ 1857ರ ಕಥೆ ಹೇಳದೆ ಗತ್ಯಂತರವಿಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿಗೆ ಹಲಗಲಿಯವರು ತಿರುಗಿಬಿದ್ದ ವರ್ಷವೇ ಅತ್ತ ಉತ್ತರದಲ್ಲಿ ಸಿಪಾಯಿಗಳು ಎದ್ದಿದ್ದರು. ಎನ್‌ಫೀಲ್ಡ್ ಬಂದೂಕಿನ ತೋಟೆಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಆ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ಡಮ್‌ಡಮ್‌ನಿಂದ ಹಬ್ಬಿತು. ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಕೊಬ್ಬು ಹಚ್ಚಿರಲಿಲ್ಲ ಅಂದ್ರ ಅವರು ಗುಂಡು ಹೊಡೀತಿದ್ರೇನ್ರಿ ಟೀಚರ್?" ಎಂದಳು. "ಹೊಡೆಯುತ್ತಿದ್ದರು, ಅಲ್ಲಿಯವರೆಗೆ ಕಂಪನಿಗಾಗಿ ಸಿಂಧ್, ಪಂಜಾಬು, ಬರ್ಮಾಗಳಲ್ಲಿ ಹೊಡೆದೇ ಇದ್ದರು" ಎಂದೆ.

ಆ ಸಿಪಾಯಿಗಳನ್ನು ಹಂಗಿಸಲು ನನಗೆ ಮನಸ್ಸಿಲ್ಲ. ಬಾಯಿಗೆ ಬಂದದ್ದು ತನ್ನದು, ನಳಿಗೆಯಿಂದ ಹೋದದ್ದು ಸರಕಾರದ್ದು ಎಂದು ಅವರು ಬಗೆದಿದ್ದರೆ ನಾವು ಬೇರೆ ಬಗೆಯವರೇನೂ ಅಲ್ಲ. ಮಡಿ ಎಂಬುದು ಮೊದಲು ತಟ್ಟುವುದು ನಮ್ಮ ಮೈಗೇ. ಅಲ್ಲಿಂದ ಅದು ಎದುರಿನವನ ಮೈಗೆ ದಾಟುವುದು ಬಲು ಕಷ್ಟ.

ಸೋಜಿಗವೆಂದರೆ, ನಲವತ್ತು ವರ್ಷಗಳ ನಂತರ ಅದೇ ಡಮ್‌ಡಮ್‌ನಿಂದ ಇನ್ನೊಂದು ಗುಂಡು ಹೊರಟಿತು. ಆ ಹೊತ್ತಿಗೆ ಸೀಸದ ಮೇಲೆ ಗಟ್ಟಿ ಲೋಹದ ಕವಚ ಬಂದಿತ್ತು. ಕವಚವಿದ್ದ ಗುಂಡು ಮೈಯನ್ನು ತೂರಿ ಹೋಗುತ್ತದೆ, ಎದುರಾಳಿ ಬೇಗ ಬೀಳುವುದಿಲ್ಲ ಎಂದು ಬ್ರಿಟಿಷರ ದೂರು. ಆದ್ದರಿಂದ ತುದಿಯ ಕವಚ ಬಿಟ್ಟು ಸೀಸವನ್ನು ಬರಿದು ಮಾಡಿದರು. ಒಳಹೊಕ್ಕೊಡನೆ ಅದು ಅಗಲವಾಗಿ ಹರಿದುಹಾಕುತ್ತಿತ್ತು. 1899ರಲ್ಲಿ ಹೇಗ್ ನಗರದ ಸಮ್ಮೇಳನ ಅಂಥ ಗುಂಡು ಬೇಡವೆಂದಿತು. ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ವಿರೋಧಿಸಿದ. 'ಅನಾಗರಿಕ'ರೊಡನೆ ಕಾದುವಾಗ ಇದು ಬೇಕೇ ಬೇಕು ಎಂಬುದು ಅವನ ವಾದದ ಸಾರ. ಆ ಪಟ್ಟಿಯಲ್ಲಿ ಯಾರು ಸೇರುತ್ತಿದ್ದರೆಂದು ನಮಗೆ ಬೇರೆ ಹೇಳಬೇಕಿಲ್ಲ.

ಅಂತೂ ಹೊಡೆಸಿಕೊಳ್ಳುವವನನ್ನು ನೆನೆದು ಗುಂಡಿನ ಹೊದಿಕೆಗೆ ನಿಯಮವಾಯಿತು. ಇಷ್ಟಾದರೂ ಕರುಣೆ ಹುಟ್ಟಿತಲ್ಲ ಎನ್ನುವಿರಾ? ಬೇಟೆಯ ಕಾನೂನು ನೋಡಿ. ಅದೇ ಬ್ರಿಟನ್ನಿನಲ್ಲಿ 1991ರ ಕಾಯ್ದೆಯಂತೆ ಜಿಂಕೆಯನ್ನು ರೈಫಲಿನಿಂದ ಹೊಡೆಯಲು ಒಳಗೆ ಅರಳುವ ಗುಂಡೇ ಬೇಕು. ಪೂರ್ತಿ ಕವಚದ್ದಾದರೆ ತೂರಿ ಹೋಗಿ ಪ್ರಾಣಿ ನರಳಿ ನರಳಿ ಸಾಯುತ್ತದೆ. ಸೈನಿಕ ಬಿದ್ದರೆ ಸಾಕು, ಜಿಂಕೆ ಸಾಯಬೇಕು. ಮನುಷ್ಯನಿಗೆ ದಯೆಯಾದ ಕವಚ ಮೃಗಕ್ಕೆ ಕ್ರೌರ್ಯ. ಕವಚಕ್ಕೆ ತನ್ನದೇ ಆದ ಪುಣ್ಯವೂ ಇಲ್ಲ, ಪಾಪವೂ ಇಲ್ಲ ಎಂದಾಯಿತು.

ಇನ್ನು ಮೈಯೊಳಗೆ ಚೂರಾದ ಸೀಸದ ಗತಿ? ಹೊಡೆದ ಪ್ರಾಣಿಯ ಉಳಿಕೆಯನ್ನು ತಿಂದ ಹದ್ದು, ರಣಹದ್ದುಗಳು ವಿಷವೇರಿ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಎಂಬ ದೊಡ್ಡ ರಣಹದ್ದು ಹೀಗೆ ನಶಿಸುತ್ತ ಬಂದು, 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ಅಲ್ಲಿ ನಿಷೇಧಿಸಿದರು. ಹೊರಗಿನ ಬಣ್ಣದ ಪೊರೆ ಹೊಡೆದವನ ಬೆರಳನ್ನು ಕಾಯ್ದೀತು, ಹದ್ದಿನ ಹೊಟ್ಟೆಯನ್ನಲ್ಲ.

ಇದನ್ನೆಲ್ಲ ಬರೆಯುತ್ತ ನನಗೆ ನಮ್ಮ ರೈತರ ನೆನಪಾಗುತ್ತದೆ. ದರೋಜಿ ಕರಡಿಧಾಮ ನಮಗೆ ದೂರವೇನಲ್ಲ. ಶೇಂಗಾಕ್ಕೂ ಮೆಕ್ಕೆಜೋಳಕ್ಕೂ ಹಂದಿ ನುಗ್ಗುತ್ತದೆ. ಸಾಲ ಮಾಡಿ ಬಿತ್ತಿ, ರಾತ್ರಿಯಿಡೀ ತಗಡು ಬಡಿಯುತ್ತ ಕೂತವನಿಗೆ ಅಹಿಂಸೆಯ ಪಾಠ ಹೇಳುವ ಬಾಯಿ ನನಗಿಲ್ಲ. ಬೆಳೆ ಕಾಯಲೆಂದು ಪರವಾನಗಿಯ ಕೋವಿ ಇಟ್ಟುಕೊಂಡವರೂ ನಮ್ಮ ರಾಜ್ಯದಲ್ಲಿದ್ದಾರೆ. ಅಂಥವನಿಗೆ ಗುಂಡಿನ ಬಣ್ಣ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಹಂದಿ ಹೋಗಬೇಕು, ಬೆಳೆ ಉಳಿಯಬೇಕು. ಹೊಡೆದರೂ ಏನನ್ನು ಹೊಡೆದೆನೆಂದು ಅವನಿಗೆ ಗೊತ್ತಿರುತ್ತದೆ. ಬೆಳಗಾದರೆ ಅದು ಅವನ ಹೊಲದಲ್ಲೇ ಬಿದ್ದಿರುತ್ತದೆ.