ಹಿಂದಕ್ಕೆ ಎಳೆಯುವ ಹಗ್ಗ

ಜೀಪಿನ ಹಿಂಭಾಗಕ್ಕೂ ಒಂದು ವಿಂಚ್ ಹಾಕಿಸಬೇಕೋ ಬೇಡವೋ? ಇದೂ ಒಂದು ಧರ್ಮಸಂಕಟವೇ ಅಂತ ನೀವು ನಗಬಹುದು. ನನ್ನ ಹೆಂಡತಿ ಈಗಾಗಲೇ ನಕ್ಕು ಮುಗಿಸಿದ್ದಾಳೆ. ಆದರೆ ಕಳೆದೊಂದು ವರ್ಷದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಂಚ್ ಅಂದರೆ ಗಾಡಿಯ ಬಂಪರಿನಲ್ಲಿ ಕೂರಿಸಿದ ಒಂದು ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಅದನ್ನು ತಿರುಗಿಸೋದಕ್ಕೆ ಬ್ಯಾಟರಿಯಿಂದ ಓಡುವ ಮೋಟಾರು. ಗಾಡಿ ಕೆಸರಲ್ಲಿ ಹೂತಾಗ ಹಗ್ಗವನ್ನು ಬಿಚ್ಚಿ ಎದುರಿಗಿರುವ ಮರಕ್ಕೋ ಬಂಡೆಗೋ ಕಟ್ಟಿ ಸ್ವಿಚ್ ಒತ್ತಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ನಾನು ಕೊಂಡ ಹಳೇ ಜೀಪಿಗೆ ಮುಂದೆ ಒಂದು ವಿಂಚ್ ಇತ್ತು. ಮೊದಲಿನ ಮಾಲೀಕ ಹಾಕಿಸಿದ್ದು. ಹಿಂದೆ ಏನೂ ಇರಲಿಲ್ಲ. ಸಾಮಾನ್ಯವಾಗಿ ಯಾರೂ ಹಾಕಿಸುವುದೂ ಇಲ್ಲ.

ಹೋದ ವರ್ಷ ಜನವರಿಯ ಒಂದು ಭಾನುವಾರ ಅಕ್ಕನ ಮಗನನ್ನು ಕರಕೊಂಡು ತುಂಗಭದ್ರೆಯ ಹಿನ್ನೀರಿಗೆ ಹೋಗಿದ್ದೆ. ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಆ ಜಾಗ ಗೊತ್ತು. ಮಳೆಗಾಲದಲ್ಲಿ ಸಮುದ್ರ. ಜನವರಿ ಹೊತ್ತಿಗೆ ನೀರು ಸರಿದು ಮೈಲುಗಟ್ಟಲೆ ಬಯಲು. ನೀರು ಬಿಟ್ಟುಹೋದ ನೆಲದಲ್ಲಿ ಕೆಲವರು ಕಡಲೆ ಬಿತ್ತುತ್ತಾರೆ. ನೀರಂಚಿನಲ್ಲಿ ಹಿಮಾಲಯದಾಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಕೂತಿರುತ್ತವೆ. ಹುಡುಗನಿಗೆ ಅವುಗಳ ಫೋಟೊ ಬೇಕಿತ್ತು. ನಿಜ ಹೇಳಬೇಕಂದ್ರೆ ನನಗೆ ಜೀಪು ಓಡಿಸೋದು ಬೇಕಿತ್ತು.

ಮೇಲೆ ಒಣಗಿ ಬಿರುಕುಬಿಟ್ಟ ಎರೆ ಮಣ್ಣು, ಅದರ ಕೆಳಗೆ ಬರೀ ರೊಜ್ಜು. ನೀರು ಇನ್ನೂರು ಅಡಿ ಇದೆ ಅನ್ನುವಾಗ ಮುಂದಿನ ಚಕ್ರ ಇಳಿಯಿತು. ನಾನು ಜಾಣನಂತೆ ಆಕ್ಸಿಲರೇಟರ್ ಒತ್ತಿದೆ. ನಾಲ್ಕೂ ಚಕ್ರ ಆ್ಯಕ್ಸಲ್ ಮಟ ಹೂತವು. ಆಗ ಪರಿಸ್ಥಿತಿ ಅರ್ಥವಾಯಿತು: ವಿಂಚ್ ಇರೋದು ಮುಂದೆ, ಮುಂದೆ ಇರೋದು ನೀರು. ಕಟ್ಟಬಹುದಾದ ಒಂದೇ ಒಂದು ದಪ್ಪ ಬಳ್ಳಾರಿ ಜಾಲಿ ನಮ್ಮ ಹಿಂದೆ, ಗಟ್ಟಿ ನೆಲದ ಮೇಲೆ ನಿಂತಿತ್ತು. ನಾನು ದುಡ್ಡು ಕೊಟ್ಟು ಕೊಂಡಿದ್ದ ಶಕ್ತಿಯೆಲ್ಲ ನನ್ನನ್ನು ಇನ್ನಷ್ಟು ಒಳಗೆ ಎಳೆಯುವುದಕ್ಕೆ ಮಾತ್ರ ಬರುತ್ತಿತ್ತು.

ಒಂದು ತಾಸು ಸಲಿಕೆ ಹಿಡಿದು ಒದ್ದಾಡಿದ ಮೇಲೆ ದೂರದಲ್ಲಿ ಹೊಲದಲ್ಲಿದ್ದ ಒಬ್ಬರು ನೋಡಿ ಟ್ರ್ಯಾಕ್ಟರ್ ತಂದರು. ನಮ್ಮಪ್ಪನ ವಯಸ್ಸು. ಸರಪಳಿ ಕಟ್ಟುತ್ತಾ, "ಮೋಟ್ರು ಚಾಲೂ ಮಾಡಿ ಬಂದೀನ್ರಿ, ಮಡಿ ತಿರುವಾಕ ಯಾರೂ ಇಲ್ಲ, ಲಗೂನ ಆಗ್ಲಿ" ಅಂದರು. ಬೋರಿನ ನೀರು ನಂಬಿದವರಿಗೆ ತ್ರೀ ಫೇಸ್ ಕರೆಂಟು ಬರೋದೇ ದಿನಕ್ಕೆ ಕೆಲವು ತಾಸು. ಆ ತಾಸುಗಳಲ್ಲಿ ಒಂದನ್ನು ನಾನು ತಿಂದೆ. ಸಾಲದ್ದಕ್ಕೆ ಜೀಪನ್ನು ಹಿಂದಕ್ಕೆ ಎಳೆಯುವಾಗ ಅದು ಪಕ್ಕಕ್ಕೆ ಜಾರಿ ಎರಡು ಸಾಲು ಕಡಲೆ ಮಣ್ಣುಪಾಲಾಯಿತು. ಅದೂ ಅವರದೇ. ರೊಕ್ಕ ಕೊಡಲು ಹೋದರೆ ಕೈ ಹಿಂದಕ್ಕೆ ತಗೊಂಡರು. "ರೊಕ್ಕ ಬ್ಯಾಡ್ರಿ ಮೇಷ್ಟ್ರ. ಇನ್ನೊಮ್ಮಿ ಬಂದಾಗ ಮದ್ಲು ಇಳದು ನಡದು ನೋಡ್ರಿ."

ಬೈದಿದ್ದರೆ ನಿದ್ದೆ ಬರುತ್ತಿತ್ತು. ಅವರು ಬೈಯಲಿಲ್ಲ.

ಮರುವಾರವೇ ಹೊಸಪೇಟೆಗೆ ಹೋಗಿ ಮೆಕ್ಯಾನಿಕ್ ಹತ್ತಿರ ಹಿಂದಿನ ವಿಂಚ್ ವಿಚಾರಿಸಿದೆ. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ಬೇಕು, ಮುಂದಿನ ಬ್ಯಾಟರಿಯಿಂದ ಹಿಂದಿನ ತನಕ ದಪ್ಪ ಕೇಬಲ್ ಎಳೆಯಬೇಕು, ಹಿಂದೆ ಭಾರ ಹೆಚ್ಚುತ್ತದೆ, ಪಾಟಾ ಬದಲಿಸಬೇಕಾಗಬಹುದು ಅಂದ. ಖರ್ಚು ಕೇಳಿದಾಗ ಗಂಟಲು ಒಣಗಿತು. ಆದರೂ ಹಾಕಿಸುವುದು ಅಂತಲೇ ಇದ್ದೆ. ನನ್ನ ವಾದ ಸರಳವಾಗಿತ್ತು: ನನ್ನ ತಪ್ಪಿಗೆ ಇನ್ನೊಬ್ಬರು ನೀರಿನ ಪಾಳಿ ಬಿಟ್ಟು ಬರಬಾರದು.

ಈ ವಾದಕ್ಕೆ ನಮ್ಮೂರ ಕಡೆ ದೊಡ್ಡ ಸಾಕ್ಷಿಯೇ ಇದೆ. ನಾನು ಹೂತುಹೋದದ್ದು ಯಾವ ಅಣೆಕಟ್ಟಿನ ಹಿನ್ನೀರಿನಲ್ಲೋ, ಅದೇ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. 1953ರ ಕಾಲದ ಅಣೆಕಟ್ಟು. ಒಂದು ಗೇಟು ಹೋದರೆ ಅದರ ಜಾಗಕ್ಕೆ ತಕ್ಷಣ ಇಳಿಸಲು ಸ್ಟಾಪ್‌ಲಾಗ್ ತಯಾರಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಮುಚ್ಚುವ ಹೊತ್ತಿಗೆ ಒಂದು ವಾರ ಕಳೆದಿತ್ತು. ಆ ವಾರ ನಮ್ಮ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹರಿದುಹೋದದ್ದು ರೈತರ ಬೆಳೆಯ ನೀರು. ಎರಡನೇ ಏರ್ಪಾಡು ಇಟ್ಟುಕೊಳ್ಳೋದು ಹೇಡಿತನ ಅಂತ ಅವತ್ತು ಯಾರೂ ಹೇಳಲಿಲ್ಲ. ಹಾಗಿದ್ದ ಮೇಲೆ ನನ್ನ ಜೀಪಿಗೂ ಒಂದು ಎರಡನೇ ಹಗ್ಗ ಯಾಕಿರಬಾರದು?

ಈ ಮಾತನ್ನು ಗೆಳೆಯನೊಬ್ಬನ ಮುಂದೆ ಆಡಿದೆ. ಗೋವಾದ ಕಾಡಿನಲ್ಲಿ 2014ರಿಂದ ನಡೆಯುವ ರೈನ್‌ಫಾರೆಸ್ಟ್ ಚಾಲೆಂಜ್ ನೋಡಿ ಬಂದವನು. ಅಲ್ಲಿ ಹಿಂದೆ ಮುಂದೆ ಎರಡೂ ಕಡೆ ವಿಂಚ್ ಇರುವ ಗಾಡಿಗಳನ್ನು ಕಂಡವನು. ಕಡಿದಾದ ಇಳಿಜಾರಲ್ಲಿ ಗಾಡಿಯನ್ನು ಹಿಡಿದು ನಿಧಾನಕ್ಕೆ ಇಳಿಬಿಡಲು ಹಿಂದಿನದು ಬೇಕಂತೆ. ನನಗೆ ಬೆಂಬಲ ಸಿಗುತ್ತೆ ಅಂದುಕೊಂಡರೆ ಅವನು ಕೇಳಿದ್ದು ಇಷ್ಟು: "ಅವತ್ತು ನಿನ್ನ ಹತ್ರ ಹಿಂದಿನ ವಿಂಚ್ ಇದ್ದಿದ್ರೆ ಎಲ್ಲಿ ಗಾಡಿ ನಿಲ್ಲಿಸ್ತಿದ್ದೆ?"

ಉತ್ತರ ನನಗೆ ಗೊತ್ತಿತ್ತು. ಇನ್ನೂ ನೂರು ಅಡಿ ಮುಂದೆ.

ಅಲ್ಲಿಂದ ನನ್ನ ಲೆಕ್ಕ ಕೆಟ್ಟಿತು. ಅಣೆಕಟ್ಟಿಗೂ ನನ್ನ ಜೀಪಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬಿತ್ತು. ಅಣೆಕಟ್ಟು ನೀರಿಗೆ ಎದುರಾಗಿ ನಿಲ್ಲಲೇಬೇಕು, ಇವತ್ತು ಬೇಡ ಅನ್ನುವ ಹಾಗಿಲ್ಲ. ಗುಡೇಕೋಟೆಯ ಕರಡಿಧಾಮದ ಅರಣ್ಯ ಸಿಬ್ಬಂದಿಗೆ, ಬಾಣಂತಿಯನ್ನು ತರಲು ಹೋಗುವ ಆಂಬುಲೆನ್ಸಿಗೆ, ಹೊಲಕ್ಕೆ ಹೋಗುವ ಟ್ರ್ಯಾಕ್ಟರಿಗೆ ದಾರಿ ಕೆಟ್ಟಿದ್ದರೂ ಹೋಗದೆ ವಿಧಿಯಿಲ್ಲ. ಅಂಥವರು ಮುಂದೆ ಒಂದು, ಹಿಂದೆ ಒಂದು ಹಗ್ಗ ಇಟ್ಟುಕೊಂಡರೆ ಅದು ಜವಾಬ್ದಾರಿ. ನಾನು ಹೋದದ್ದು ಹೆಬ್ಬಾತು ನೋಡಲು. ನನಗೆ ಇಳಿದು ನಡೆಯುವ ದಾರಿ ಇತ್ತು. ಹೋಗಲೇಬೇಕಾದವನಿಗೆ ಎರಡನೇ ಹಗ್ಗ ಕಾಪಾಡುವ ಸಾಧನ. ಹೋಗದೆಯೂ ಇರಬಹುದಾದವನಿಗೆ ಅದು ಇನ್ನೂ ನೂರು ಅಡಿ ಒಳಗೆ ಹೋಗುವ ಪರವಾನಗಿ. ಆ ನೂರು ಅಡಿಯಲ್ಲೂ ಯಾರದೋ ಕಡಲೆ ಇರುತ್ತದೆ.

ಇನ್ನೂ ಒಂದಿದೆ. ವಿಂಚ್ ಇದ್ದ ಮಾತ್ರಕ್ಕೆ ನಾನು ಸ್ವತಂತ್ರನಾಗುವುದಿಲ್ಲ. ಅದಕ್ಕೆ ಹಿಡಿಯಲು ಏನಾದರೂ ಬೇಕು. ನಮ್ಮ ಎರೆ ಬಯಲಿನಲ್ಲಿ ಮರವೇ ಅಪರೂಪ. ಇದ್ದರೂ ಅದು ಯಾರದೋ ಬದುವಿನ ಬೇವು, ಉಕ್ಕಿನ ಹಗ್ಗ ಬಿಗಿದರೆ ತೊಗಟೆ ಕುಯ್ಯುತ್ತದೆ, ಅಗಲವಾದ ಪಟ್ಟಿ ಸುತ್ತಬೇಕು. ಮರವಿಲ್ಲದ ಕಡೆ ಸ್ಟೆಪ್ನಿಯನ್ನು ಆಳವಾಗಿ ಹೂತು ಅದಕ್ಕೆ ಕಟ್ಟಬಹುದು, ಆದರೆ ಆ ಗುಂಡಿ ತೆಗೆಯೋದೂ ಯಾರದೋ ಹೊಲದಲ್ಲೇ. ನಾನು ಹಿಂದಿನ ವಿಂಚ್ ಬಯಸಿದ್ದು ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಅಂತ ಮಾತ್ರವಲ್ಲ, ಇನ್ನೊಬ್ಬರ ಋಣವೇ ಬೇಡ ಅಂತ. ಮೊದಲನೆಯದು ಸೌಜನ್ಯ. ಎರಡನೆಯದು ಸೊಕ್ಕು. ಎರಡೂ ಒಂದೇ ಬಿಲ್ಲಿನಲ್ಲಿ ಬರುತ್ತಿದ್ದವು.

ಕೊನೆಗೆ ಹಾಕಿಸಲಿಲ್ಲ. ಬದಲಿಗೆ ಕೈಯಿಂದ ಹಿಡಿಕೆ ಆಡಿಸಿ ಎಳೆಯುವ ಒಂದು ಯಂತ್ರ ಕೊಂಡೆ. ಅದನ್ನು ಹಿಂದಕ್ಕೂ ಕಟ್ಟಬಹುದು, ಮುಂದಕ್ಕೂ ಕಟ್ಟಬಹುದು. ಒಂದು ಸಲ ಹಿಡಿಕೆ ಆಡಿಸಿದರೆ ಗಾಡಿ ಸರಿಯೋದು ಒಂದೆರಡು ಅಂಗುಲ. ಇನ್ನೂರು ಅಡಿ ಬರೋ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತದೆ. ಅದು ಗೊತ್ತಿರುವುದರಿಂದಲೇ ಈಗ ಗಾಡಿಯನ್ನು ಗಟ್ಟಿ ಮಸಾರಿ ನೆಲದಲ್ಲಿ ನಿಲ್ಲಿಸಿ, ಕೋಲು ಹಿಡಿದು ನಡೆಯುತ್ತೇನೆ. ಕೋಲು ಒಂದು ಗೇಣು ಇಳಿದರೆ ಅಲ್ಲಿಂದ ಮುಂದೆ ಕಾಲ್ನಡಿಗೆ. ಗಾಡಿ ಬರದ ಕಡೆ ಹೆಬ್ಬಾತುಗಳೂ ಬೇಗ ಹಾರುವುದಿಲ್ಲ ಅಂತ ಹುಡುಗ ಕಂಡುಕೊಂಡಿದ್ದಾನೆ.

ಅಕ್ಟೋಬರಿನ ಅಕಾಲ ಮಳೆಯಲ್ಲಿ ಆ ಯಜಮಾನರ ಫೋನ್ ಬಂತು. ಮೆಕ್ಕೆಜೋಳದ ಟ್ರೇಲರ್ ಹೊಲದ ದಾರಿಯಲ್ಲಿ ಹೂತು ನಿಂತಿತ್ತು. ಜೀಪನ್ನು ರಸ್ತೆ ಮೇಲೆ ಅವರ ಕಡೆಗೆ ಮುಖ ಮಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ರಾಟೆ ಹಾಕಿ ಎಳೆತವನ್ನು ಇಮ್ಮಡಿ ಮಾಡಿ, ಹಗ್ಗ ತುಂಡಾದರೆ ಸಿಡಿಯದಿರಲೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಎಳೆದೆ. ಮುಂದಿನ ವಿಂಚ್ ಸಾಕಾಯಿತು. ಎರಡು ಸಾಲು ಕಡಲೆಯ ಲೆಕ್ಕ ಚುಕ್ತಾ ಆಯಿತು ಅಂತ ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು.

ವಾಪಸು ಬರುವಾಗ ಹುಡುಗ ಕೇಳಿದ: "ಮಾಮಾ, ಯಾರೂ ಇಲ್ಲದ ಕಡೆ, ನಿಜವಾಗ್ಲೂ ತುರ್ತು ಇದ್ದಾಗ ಸಿಕ್ಕಿಹಾಕ್ಕೊಂಡ್ರೆ?"

ಸರಿಯಾದ ಪ್ರಶ್ನೆ. ಅವತ್ತು ಹಿಂದಿನ ವಿಂಚ್ ಇಲ್ಲದ್ದಕ್ಕೆ ಪೇಚಾಡಬಹುದು, ಇಲ್ಲ ಅನ್ನೋದಿಲ್ಲ. ಸದ್ಯಕ್ಕೆ ಅವನಿಗೆ ಹೇಳಿದ್ದು ಇಷ್ಟೇ: ಗಾಡಿಯನ್ನು ಅಲ್ಲೇ ಬಿಟ್ಟು ನಡಕೊಂಡು ಬರೋಣ. ರಸ್ತೆ ಎಷ್ಟು ದೂರ ಅನ್ನೋದನ್ನ ಹೋಗೋಕೆ ಮುಂಚೆನೇ ನೋಡಿಟ್ಟುಕೊಳ್ಳೋಣ.